ಹೂವು ನೋಡಿ ಹೊಟ್ಟೆ ಉರ್ಕೋಬೇಡಿ, ದಾರಿ ನೋಡಿ ಉರ್ಕೊಳ್ಳಿ

1/9
ಮೊನ್ನೆ ಹಾಕಿದ ವಾಷಿಂಗ್ಟನ್ ಚೆರ್ರಿ ಹೂವಿನ ಫೋಟೋಗಳಿಗೆ ಎರಡು ಥರದ ಕಾಮೆಂಟ್ ಬಂದಿವೆ. ಬೆಂಗಳೂರಿನ ಕ್ಲಾಸ್‌ಮೇಟ್ಸ್: "ಪುಣ್ಯ ಮಾಡಿದ್ದೀಯ ಮಗಾ, ನಮ್ಮೂರಲ್ಲಿ ಇಂಥದ್ದೆಲ್ಲ ಎಲ್ಲಿ?" ಇಲ್ಲಿ ವರ್ಜೀನಿಯಾದಲ್ಲಿರೋ ಫ್ರೆಂಡ್ಸ್: "ಅಷ್ಟು ದೂರ ಸೈಕಲ್ಲಲ್ಲಾ? ಹೇಳಿದ್ರೆ ಕಾರಲ್ಲಿ ಕರ್ಕೊಂಡು ಹೋಗ್ತಿದ್ವಲ್ಲ!"

ಎರಡೂ ಗುಂಪಿನ ಜೊತೆ ನಂಗೆ ಜಗಳ ಇದೆ. ಪ್ರೀತಿಯ ಜಗಳವೇ, ಆದ್ರೆ ಜಗಳವೇ. ಒಂದು ಕ್ಯಾಪ್ಷನ್‌ನಲ್ಲಿ ಮುಗಿಯಲ್ಲ, ಅದಕ್ಕೇ ಒಂಬತ್ತು. ಸ್ವೈಪ್ ಮಾಡ್ತಾ ಓದಿ.

2/9
ಮೊದಲು ದಾರಿ ಯಾವುದು ಅಂತ ಹೇಳ್ತೀನಿ. ವಾಷಿಂಗ್ಟನ್ ನಗರದ ಹೊರಗೆ ವರ್ಜೀನಿಯಾದಲ್ಲಿ ವಿಯೆನ್ನಾ ಅಂತ ಒಂದು ಪುಟ್ಟ ಊರಿದೆ. ಅಲ್ಲಿಂದ ಡಬ್ಲ್ಯೂ ಅಂಡ್ ಓಡಿ ಟ್ರೇಲ್ ಹಿಡೀಬೇಕು. ಟಾರು ಹಾಕಿದ, ನಡೆಯೋರಿಗೂ ಸೈಕಲ್‌ನೋರಿಗೂ ಮಾತ್ರ ಮೀಸಲಾದ ದಾರಿ. ಆರ್ಲಿಂಗ್ಟನ್‌ನಲ್ಲಿ ಅದನ್ನ ಬಿಟ್ಟು ಕಸ್ಟಿಸ್ ಟ್ರೇಲ್‌ಗೆ ತಿರುಗಿದ್ರೆ ಏರು ಇಳಿವು ಶುರು, ತೊಡೆ ಚೆನ್ನಾಗಿ ಉರಿಯುತ್ತೆ. ರಾಸ್ಲಿನ್ ದಾಟಿದ ಮೇಲೆ ಪೊಟೊಮ್ಯಾಕ್ ನದಿಯ ದಂಡೆ, ಮೌಂಟ್ ವರ್ನನ್ ಟ್ರೇಲ್. ಆಮೇಲೆ 14ನೇ ಬೀದಿಯ ಸೇತುವೆ. ಪಕ್ಕದಲ್ಲೇ ಕಾರುಗಳು ಭೋರ್ ಅಂತ ಹೋಗ್ತಿರ್ತವೆ, ನಡುವೆ ತಡೆಗೋಡೆ ಇರುತ್ತೆ. ಸೇತುವೆ ಇಳಿದ್ರೆ ಜೆಫರ್ಸನ್ ಸ್ಮಾರಕ, ಅದರ ಮುಂದೆ ಟೈಡಲ್ ಬೇಸಿನ್ ಅನ್ನೋ ಕೊಳ, ಕೊಳದ ಸುತ್ತ ಹೂವು.

ಒಟ್ಟು ಸುಮಾರು 25 ಕಿಲೋಮೀಟರ್. ಅಲ್ಲಲ್ಲಿ ರಸ್ತೆ ದಾಟೋಕೆ ನಿಲ್ಲಬೇಕು, ಅಷ್ಟೆ. ಉಳಿದಂತೆ ಹಿಂದಿನಿಂದ ಹಾರ್ನ್ ಹೊಡೆಯೋರು ಯಾರೂ ಇಲ್ಲ.

3/9
ಈಗ ಕಾರಿನ ಗೆಳೆಯರೇ, ನಿಮ್ಮ ಸರದಿ. ಹೂವು ಪೂರ್ತಿ ಅರಳಿರೋ ದಿನಗಳು ಬೆರಳೆಣಿಕೆಯಷ್ಟು, ಸಾಮಾನ್ಯವಾಗಿ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲು. ಯೊಶಿನೊ ಚೆರ್ರಿಯ 70 ಶೇಕಡಾ ಹೂವು ಬಿರಿದ ದಿನವನ್ನ ಇಲ್ಲಿ 'ಪೀಕ್ ಬ್ಲೂಮ್' ಅಂತಾರೆ. ಆ ನಾಲ್ಕು ದಿನ ಇಡೀ ಊರೇ ಅಲ್ಲಿಗೆ ಹೋಗುತ್ತೆ. ಕಾರು ತರಬೇಡಿ ಅಂತ ಜಾಗ ನೋಡ್ಕೊಳ್ಳೋ ನ್ಯಾಷನಲ್ ಪಾರ್ಕ್ ಸರ್ವಿಸ್ಸೇ ಹೇಳುತ್ತೆ. ನೀವು ಹೋಗ್ತೀರ, ಪಾರ್ಕಿಂಗ್ ಹುಡುಕ್ತಾ ಸುತ್ತು ಹೊಡೀತೀರ, ಕಿಟಕಿಯಿಂದ ಫೋನ್ ಹೊರಗೆ ಚಾಚಿ ಒಂದು ರೀಲ್ ತೆಗೀತೀರ, "ಸಖತ್ ರಶ್ ಗುರೂ" ಅಂತ ಬೈಕೊಂಡು ವಾಪಸ್ ಬರ್ತೀರ.

ಆ ರಶ್ ಯಾರು ಅಂದ್ಕೊಂಡಿದ್ದೀರ? ನೀವೇ ಕಣ್ರೋ!

ಮೆಟ್ರೋದಲ್ಲಿ ಹೋಗೋರ ಜೊತೆ ನಂದೇನೂ ತಕರಾರಿಲ್ಲ. ಕೈಕಾಲು ಗಟ್ಟಿ ಇದ್ದು, ಮನೆ ಹತ್ರಾನೇ ಟ್ರೇಲ್ ಇದ್ದು, ಗ್ಯಾರೇಜಲ್ಲಿ ಸೈಕಲ್ ಧೂಳು ಹಿಡೀತಾ ಇದ್ದೂ ಕಾರು ತೆಗೆಯೋರ ಬಗ್ಗೆ ಮಾತ್ರ ಈ ಮಾತು. ವಯಸ್ಸಾದವರಿಗೆ, ಕೈಕೂಸು ಇರೋರಿಗೆ, ನಡೆಯೋಕೆ ಕಷ್ಟ ಇರೋರಿಗೆ ಆ ನಾಲ್ಕು ಪಾರ್ಕಿಂಗ್ ಜಾಗ ಬೇಕು. ಅದನ್ನ ಇಪ್ಪತ್ತೆರಡರ ಹುಡುಗ್ರು ತಿನ್ನೋದು ನ್ಯಾಯವಾ?

4/9
"ಅದೃಷ್ಟ ಮಾಡಿರೋ ಊರು" ಅಂದ ಬೆಂಗಳೂರಿನವರೇ, ಈ ಮರಗಳ ಕಥೆ ಕೇಳಿ. ಎಲೈಜಾ ಸಿಡ್‌ಮೋರ್ ಅಂತ ಒಬ್ಬ ಬರಹಗಾರ್ತಿ 1885ರಲ್ಲಿ ಜಪಾನ್‌ನಿಂದ ಬಂದು, ನದಿ ದಂಡೆಯಲ್ಲಿ ಚೆರ್ರಿ ಹಾಕಿ ಅಂತ ಅಧಿಕಾರಿಗಳನ್ನ ಕೇಳಿದರು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಧಿಕಾರಿಗಳು ಬದಲಾದರು, ಅವರು ಕೇಳ್ತಾನೇ ಇದ್ದರು, ಎರಡು ದಶಕಕ್ಕೂ ಮೇಲೆ. 1909ರಲ್ಲಿ ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್‌ಗೆ ಪತ್ರ ಬರೆದ ಮೇಲೆ ಕೆಲಸ ಕದಲಿತು. ಜಪಾನ್‌ನಿಂದ 1910ರಲ್ಲಿ ಬಂದ 2,000 ಗಿಡಗಳಲ್ಲಿ ಹುಳ ಇತ್ತು, ಎಲ್ಲಾ ಸುಟ್ಟರು. 1912ರಲ್ಲಿ ಟೋಕಿಯೊ ನಗರ ಮತ್ತೆ 3,020 ಗಿಡ ಕಳಿಸಿತು. ಅವು ಬೇರು ಬಿಟ್ಟವು.

ಕೊಳದ ತಡೆಗೋಡೆ ಕುಸಿದು, ನದಿ ಉಬ್ಬಿದಾಗೆಲ್ಲ ನೀರು ಕಾಲುದಾರಿ ಮೇಲೆ ಬರೋಕೆ ಶುರುವಾಗಿತ್ತು. ಗೋಡೆ ಹೊಸದಾಗಿ ಕಟ್ಟೋಕೆ 2024ರಲ್ಲಿ ನೂರೈವತ್ತಕ್ಕೂ ಹೆಚ್ಚು ಚೆರ್ರಿ ಮರ ಕಡಿದರು. ಜನ ಮುದ್ದಿನಿಂದ 'ಸ್ಟಂಪಿ' ಅಂತಿದ್ದ ಟೊಳ್ಳು ಕಾಂಡದ ಪುಟ್ಟ ಮರವೂ ಹೋಯ್ತು. ಇಲ್ಲಿ ಯಾವುದೂ ಪುಣ್ಯದಿಂದ ಬಂದಿದ್ದಲ್ಲ. ಕೇಳಿ ಪಡೆದದ್ದು, ಈಗಲೂ ದುಡ್ಡು ಸುರಿದು ಕಾಯ್ತಿರೋದು.

5/9
ದಾರಿಯ ಕಥೇನೂ ಹಾಗೇ. ಡಬ್ಲ್ಯೂ ಅಂಡ್ ಓಡಿ ಅಂದ್ರೆ ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್, ಅದೊಂದು ರೈಲು. 1968ರಲ್ಲಿ ನಿಂತುಹೋಯ್ತು. ಜಾಗ ವಿದ್ಯುತ್ ಕಂಪನಿ ಕೈಗೆ ಹೋಯ್ತು. ಅಲ್ಲಿಗೇ ಕಥೆ ಮುಗೀಬಹುದಿತ್ತು, ಬೇಲಿ ಹಾಕಿ ಮುಳ್ಳು ಬೆಳೆಸಬಹುದಿತ್ತು. ಆದ್ರೆ 1974ರಲ್ಲಿ ಫಾಲ್ಸ್ ಚರ್ಚ್ ಅನ್ನೋ ಊರಲ್ಲಿ ಒಂದು ಚಿಕ್ಕ ತುಂಡನ್ನ ಸೈಕಲ್ ದಾರಿ ಮಾಡಿ ನೋಡಿದರು. ಜನ ಬಂದರು. ತುಂಡಿಗೆ ತುಂಡು ಸೇರಿ 1988ರಲ್ಲಿ ಪರ್ಸೆಲ್‌ವಿಲ್‌ವರೆಗೆ ಮುಟ್ಟಿತು. ಇವತ್ತು ಅದರ ಉದ್ದ ಸುಮಾರು 72 ಕಿಲೋಮೀಟರ್. ಎಷ್ಟೋ ಕಡೆ ತಲೆ ಮೇಲೆ ಹೈಟೆನ್ಷನ್ ತಂತಿ ಈಗಲೂ ಗುಂಯ್ ಅನ್ನುತ್ತೆ. ಯಾರಿಗೂ ಬೇಡವಾಗಿದ್ದ ಪಟ್ಟಿ ಅದು.

6/9
ಕಸ್ಟಿಸ್ ಟ್ರೇಲ್ ಕಥೆ ಇನ್ನೂ ಚೆನ್ನಾಗಿದೆ. ಅದರ ಪಕ್ಕ ಇರೋದು 66ನೇ ಅಂತರರಾಜ್ಯ ಹೆದ್ದಾರಿ. ಆರ್ಲಿಂಗ್ಟನ್ ಜನ ಅದು ಬೇಡವೇ ಬೇಡ ಅಂತ ವರ್ಷಗಟ್ಟಲೆ ಹೋರಾಡಿದರು, ಕೋರ್ಟಿಗೂ ಹೋದರು. ಹೆದ್ದಾರಿಯನ್ನ ಪೂರ್ತಿ ನಿಲ್ಲಿಸೋಕೆ ಆಗಲಿಲ್ಲ. ಆದ್ರೆ ಕೊನೆಗೆ 1977ರಲ್ಲಿ ಒಪ್ಪಿಗೆ ಸಿಕ್ಕಿದ್ದು ಬರೀ ನಾಲ್ಕು ಲೇನಿಗೆ, ಅದೂ ಷರತ್ತುಗಳ ಜೊತೆ. 1982ರಲ್ಲಿ ರಸ್ತೆ ತೆರೆದಾಗ ಜೊತೆಗೇ ಸೈಕಲ್ ದಾರಿಯೂ ಇತ್ತು.

ಈ ಸೀರೀಸ್‌ನಲ್ಲಿ ಒಂದೇ ಒಂದು ಸ್ಲೈಡ್ ಸೇವ್ ಮಾಡ್ಕೊಳ್ಳೋದಾದ್ರೆ ಇದನ್ನ ಮಾಡ್ಕೊಳ್ಳಿ. ಸೋತವರು ಅನ್ನಿಸ್ಕೊಂಡ ಜನರ ಗಲಾಟೆಯಿಂದಲೇ ಆ ಹೆದ್ದಾರಿ ಸಣ್ಣದಾಗಿದ್ದು. ಗಲಾಟೆ ಮಾಡದ ಊರಿಗೆ ಬರೀ ಹೆದ್ದಾರಿ ಸಿಗುತ್ತೆ.

7/9
ಈಗ "ನಮ್ಮೂರಲ್ಲಿ ಎಲ್ಲಿ?" ಅನ್ನೋ ಪ್ರಶ್ನೆಗೆ ಬರೋಣ. ಹೂವು ಇಲ್ವಾ ನಮ್ಮೂರಲ್ಲಿ? ಜನವರಿಯಿಂದ ಗುಲಾಬಿ ಟಬೂಬಿಯಾ, ಆಮೇಲೆ ಹಳದಿ, ಹೊಂಗೆ, ಜಕರಂಡಾ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್. ಚೆರ್ರಿ ಹತ್ತು ದಿನದ ಅತಿಥಿ. ನಮ್ಮದು ನಾಲ್ಕೈದು ತಿಂಗಳ ಜಾತ್ರೆ. ಅದೂ ತಾನಾಗಿ ಬಂದಿದ್ದಲ್ಲ. 1980ರ ದಶಕದಲ್ಲಿ ಎಸ್. ಜಿ. ನೇಗಿನಹಾಳ ಅನ್ನೋ ಅರಣ್ಯ ಅಧಿಕಾರಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದರು. ಅವರ ಹೆಸರು ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಹೂವು ಇದೆ. ಅದರ ಹತ್ರ ಹೋಗೋ ದಾರಿ ಇಲ್ಲ. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದರು. ಬೈಕು ನುಗ್ಗಿದವು, ಕಾರು ನಿಂತವು, ಕಂಬ ಮಾಯವಾದವು. ನಾವು ಅದಕ್ಕೊಂದು ಮೀಮ್ ಮಾಡಿ ನಕ್ಕು ಸುಮ್ಮನಾದ್ವಿ. ಸಿಡ್‌ಮೋರ್ ಎರಡು ದಶಕ ಕೇಳಿದರು ಕಣ್ರೋ, ನಾವು ಎರಡು ವಾರ ಕೇಳಿದ್ವಾ?

8/9
ಬರೋ ಉತ್ತರಗಳು ನಂಗೆ ಬಾಯಿಪಾಠ.

"ಅವರ ಹತ್ರ ದುಡ್ಡಿದೆ." ನಮ್ಮ ಹತ್ರ ಫ್ಲೈಓವರ್‌ಗೆ ದುಡ್ಡಿದೆ. ಮೂರು ಮೀಟರ್ ಅಗಲದ ಟಾರಿಗೆ ಮಾತ್ರ ಬಡತನವಾ?

"ಜಾಗ ಇಲ್ಲ." ಹೈಟೆನ್ಷನ್ ತಂತಿ ಕೆಳಗಿನ ಪಟ್ಟಿ, ರಾಜಕಾಲುವೆ ದಂಡೆ, ರೈಲು ಹಳಿ ಪಕ್ಕದ ಖಾಲಿ ಜಾಗ, ಇವೆಲ್ಲ ಏನು? ಐದನೇ ಸ್ಲೈಡ್ ಮತ್ತೆ ಓದಿ.

"ಬಿಸಿಲು." ಅದಕ್ಕೇ ಮರ ಇರೋದು ಗುರೂ.

"ಅದೆಲ್ಲ ಟೈಟ್ ಬಟ್ಟೆ ಹಾಕೋ ಶ್ರೀಮಂತರ ಶೋಕಿ." ಇದಕ್ಕೆ ಮಾತ್ರ ಸಿಟ್ಟು ಬರುತ್ತೆ. ಈ ಟ್ರೇಲ್‌ನಲ್ಲಿ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಕೆಲಸಕ್ಕೆ ಹೋಗೋರು, ಹಿಂದಿನ ಸೀಟಲ್ಲಿ ಮಗು ಕೂರಿಸ್ಕೊಂಡ ಅಮ್ಮಂದಿರು, ಕೋಲು ಹಿಡಿದು ನಡೆಯೋ ಅಜ್ಜಂದಿರು ದಿನಾ ಸಿಗ್ತಾರೆ. ಇನ್ನು ನಮ್ಮ ರಾಜ್ಯ? 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟ ರಾಜ್ಯ ನಮ್ಮದು. ಹಳ್ಳಿ ಹುಡುಗೀರು ಹೈಸ್ಕೂಲಿಗೆ ಅದರಲ್ಲೇ ಹೋದರು. ಕೊರೊನಾ ಬಂದ ಮೇಲೆ ಯೋಜನೆ ನಿಂತುಹೋಯ್ತು. ಅದಕ್ಕೂ ಮುಂಚೆ ಸೈಕಲ್ ಕೊಟ್ಟರೇ ಹೊರತು, ಲಾರಿ ಇಲ್ಲದ ಒಂದು ದಾರಿ ಕೊಡಲಿಲ್ಲ. ಸೈಕಲ್ ಶೋಕಿ ಅನ್ನೋರು ಆ ಹುಡುಗೀರ ಮುಂದೆ ನಿಂತು ಹೇಳಲಿ.

ಕಾರಿಲ್ಲದವರೂ ಹೂವು ನೋಡಬೇಕು. ಲೈಸೆನ್ಸ್ ಬಾರದ ಹದಿನಾಲ್ಕರ ಹುಡುಗಿ ತಾನೊಬ್ಬಳೇ ಹೋಗಿ ನೋಡ್ಕೊಂಡು ಬರೋ ಹಾಗಿರಬೇಕು. ಸೈಕಲ್ ದಾರಿಯಿಂದ ಆಗೋ ಕೆಲಸ ಅದು. ಹಾಗಾಗಿ ಅದು ಶೋಕಿ ಅಲ್ಲ, ಹಕ್ಕು.

9/9
ಸರಿ, ಏನು ಮಾಡೋದು?

ಇಲ್ಲಿರೋರು: ಮುಂದಿನ ಪೀಕ್ ಬ್ಲೂಮ್‌ಗೆ ಕಾರಿನ ಕೀ ಮನೇಲಿ ಬಿಡಿ. ಬೆಳಕು ಹರಿಯೋ ಹೊತ್ತಿಗೆ ಹೊರಡಿ. ಹೆಲ್ಮೆಟ್, ಗಂಟೆ, ನೀರು, ಬೀಗ ಇರಲಿ. ಮುಂದಿನವರನ್ನ ದಾಟುವಾಗ ಗಂಟೆ ಹೊಡೀರಿ, ಎಡಗಡೆಯಿಂದ ದಾಟಿ. ಕೊಳದ ಹತ್ರ ಬಂದ ಮೇಲೆ ಇಳಿದು ಬೀಗ ಹಾಕಿ, ಜನರ ನಡುವೆ ಸೈಕಲ್ ಓಡಿಸಬೇಡಿ. ಕೊಂಬೆ ಎಳೀಬೇಡಿ, ಹೂವು ಕೀಳಬೇಡಿ. ವಾಪಸ್ ಬರೋವಾಗ ರಾಸ್ಲಿನ್ ಏರಿಗೆ ಕಾಲಲ್ಲಿ ಸ್ವಲ್ಪ ಶಕ್ತಿ ಉಳಿಸ್ಕೊಳ್ಳಿ.

ಊರಲ್ಲಿರೋರು: ನಿಮ್ಮ ವಾರ್ಡಲ್ಲಿ ಯಾರಿಗೂ ಬೇಡವಾದ ಒಂದು ಪಟ್ಟಿ ಜಾಗ ಹುಡುಕಿ, ಒಂದೇ ಒಂದು. ಫೋಟೋ ತೆಗೀರಿ. ನಾಲ್ಕು ಜನ ಸೇರಿ ಅರ್ಜಿ ಬರೀರಿ, ಸ್ವೀಕೃತಿ ತಗೊಳ್ಳಿ. ಉತ್ತರ ಬರಲ್ಲ. ಮತ್ತೆ ಬರೀರಿ. ಅಧಿಕಾರಿ ಬದಲಾಗ್ತಾರೆ. ಹೊಸಬರಿಗೂ ಬರೀರಿ.

ಆ ಪಟ್ಟಿ ಯಾವುದು ಅಂತ ಕಾಮೆಂಟಲ್ಲಿ ಹಾಕಿ. "ಪುಣ್ಯ ಮಾಡಿದ್ದೀಯ" ಅಂತ ಮಾತ್ರ ಹಾಕಬೇಡಿ, ಡಿಲೀಟ್ ಮಾಡ್ತೀನಿ. 🌸🚲

#ಸೈಕಲ್‌ದಾರಿ #ಚೆರ್ರಿಹೂವು #ಟಬೂಬಿಯಾ #ನಮ್ಮೂರಿಗೂದಾರಿಬೇಕು