ತಿಮಿಂಗಿಲಕ್ಕೆ ಯಾವ ಕಾಟಾ?

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ರಾಯಬಾಗ-ಅಥಣಿ ಕಡೆಯ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಹೋದ ಚಳಿಗಾಲದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಒಂದು ಕಾರ್ಖಾನೆಯ ಕಾಟಾದ ಹತ್ತಿರ ನಿಂತಿದ್ದೆ. ತುಂಬಿದ ಗಾಡಿ ಕಾಟಾ ಹತ್ತಿತು, ತೂಕ ಬಂತು. ಕಬ್ಬು ಇಳಿಸಿ ಖಾಲಿಯಾಗಿ ಬಂದು ಮತ್ತೆ ಹತ್ತಿತು, ತೂಕ ಬಂತು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಕಬ್ಬಿನ ತೂಕ. ಅವಳು ಐದನೆಯ ತರಗತಿಯವಳು, ಲೆಕ್ಕ ತಟ್ಟನೆ ಹಿಡಿದಳು. ಆಮೇಲೆ ಕೇಳಿದಳು, "ಅಜ್ಜಾ, ತಿಮಿಂಗಿಲನ ಎದರ ಮ್ಯಾಲ ತೂಗತಾರ?"

ಹಿಂದಿನ ರಾತ್ರಿ ಟಿವಿಯಲ್ಲಿ ತಿಮಿಂಗಿಲ ನೋಡಿದ್ದಳು, ಅದಕ್ಕೆ ಈ ಪ್ರಶ್ನೆ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಓದಿ ತಿಳಿದುಕೊಂಡು ಈಗ ಅವಳಿಗೂ ನಿಮಗೂ ಹೇಳುತ್ತಿದ್ದೇನೆ.

ಮೊದಲು ಎತ್ತಿನ ಮಾತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವ ಚಕ್ಕಡಿಗಳ ಖಿಲಾರಿ ಎತ್ತುಗಳನ್ನು ನಿಮ್ಮ ಅಜ್ಜಂದಿರು ಹೇಗೆ ನೋಡುತ್ತಾರೆ, ಗಮನಿಸಿದ್ದೀರಾ? ಪಕ್ಕೆಲುಬು ಎಣಿಸುವ ಹಾಗಿದೆಯೋ, ಸೊಂಟದ ಎಲುಬು ಎದ್ದಿದೆಯೋ, ಬಾಲದ ಬುಡ ಕುಳಿ ಬಿದ್ದಿದೆಯೋ ಎಂದು ಒಂದು ಸುತ್ತು ಹಾಕಿ, "ಮೇವು ಸಾಲವಲ್ದು" ಎಂದುಬಿಡುತ್ತಾರೆ. ದನದ ಡಾಕ್ಟರು ಟೇಪು ಹಿಡಿಯುತ್ತಾರೆ. ಎದೆಯ ಸುತ್ತಳತೆ 70 ಇಂಚು, ಮೈಯುದ್ದ 55 ಇಂಚು ಎಂದುಕೊಳ್ಳಿ. 70ನ್ನು 70ರಿಂದ ಗುಣಿಸಿ, ಬಂದದ್ದನ್ನು 55ರಿಂದ ಗುಣಿಸಿ, 660ರಿಂದ ಭಾಗಿಸಿ. 408 ಬರುತ್ತದೆ. ದನದ ತೂಕ ಅಂದಾಜು ಅಷ್ಟು ಕಿಲೋ. ಕಾಟಾ ಬೇಕಾಗಲೇ ಇಲ್ಲ, ಅಳತೆ ಸಾಕಾಯಿತು.

ತಿಮಿಂಗಿಲಕ್ಕೂ ಹೀಗೆಯೇ ಮಾಡಬಹುದು. ಆದರೆ ಟೇಪು ಹಿಡಿಯುವವರು ಯಾರು? ಹಿಂದೆ ಅದರ ತೂಕ ತಿಳಿಯಲು ಇದ್ದ ಮುಖ್ಯ ದಾರಿ: ಅದನ್ನು ಕೊಂದು, ಹಡಗಿನ ಮೇಲೆಳೆದು, ತುಂಡು ತುಂಡು ಮಾಡಿ ತೂಗುವುದು. ಈಗ ಆ ಕೆಲಸಕ್ಕೆ ಡ್ರೋನ್ ಬಂದಿದೆ. ನಮ್ಮಲ್ಲಿ ಆಳೆತ್ತರ ಮೀರಿದ ಕಬ್ಬಿನೊಳಗೆ ಮನುಷ್ಯ ನುಗ್ಗಲಾಗದ ಕಡೆ ಮೇಲಿನಿಂದ ಔಷಧ ಹೊಡೆಯುತ್ತದಲ್ಲ, ಅದರದೇ ಸಣ್ಣ ತಮ್ಮ. ಕಡಲಿನ ಮೇಲೆ ಹಾರಿ, ತಿಮಿಂಗಿಲ ಉಸಿರಿಗೆಂದು ಮೇಲೆ ಬಂದು ಮೈ ನೇರವಾಗಿ ಚಾಚಿದ ಗಳಿಗೆಯಲ್ಲಿ ನೆತ್ತಿಯ ಮೇಲಿಂದ ಫೋಟೋ ತೆಗೆಯುತ್ತದೆ. ಮೂತಿಯಿಂದ ಬಾಲದವರೆಗಿನ ಉದ್ದ, ನಡುವೆ ಅಲ್ಲಲ್ಲಿ ಮೈಯಗಲ. ಒಂದೇ ಉದ್ದದ ಎರಡು ತಿಮಿಂಗಿಲಗಳಲ್ಲಿ ಅಗಲ ಹೆಚ್ಚಿರುವುದು ಮೈತುಂಬಿಕೊಂಡದ್ದು, ಕಡಿಮೆಯಿರುವುದು ಸೊರಗಿದ್ದು. ತಿಮಿಂಗಿಲದ ಕೊಬ್ಬು ಅದರ ಬುತ್ತಿ. ಎಷ್ಟೋ ಜಾತಿಯ ತಾಯಂದಿರು ಮರಿಗೆ ಹಾಲೂಡುವ ತಿಂಗಳುಗಳಲ್ಲಿ ಹೆಚ್ಚು ಕಡಿಮೆ ಉಪವಾಸವೇ ಇರುತ್ತವೆ. ಬುತ್ತಿ ತೀರಿದರೆ ಮರಿಗೆ ಹಾಲಿಲ್ಲ.

ಇದನ್ನು ನಾವೂ ಮಾಡಿ ನೋಡಿದೆವು. ನಮ್ಮ ಎಮ್ಮೆ ಆಗ ಗಬ್ಬವಿತ್ತು. ಮೊಮ್ಮಗಳು ಮಾಳಿಗೆ ಹತ್ತಿ ಮೊಬೈಲಿನಿಂದ ಫೋಟೋ ತೆಗೆದಳು. ಅಳತೆಗೆ ಸಿಗಲಿ ಎಂದು ಎಮ್ಮೆಯ ಪಕ್ಕದಲ್ಲಿ ನೆಲದ ಮೇಲೆ ಒಂದು ಗಜಕೋಲು ಇಟ್ಟಿದ್ದೆ. ಫೋಟೋ ಅಳೆದು ಲೆಕ್ಕ ಹಾಕಿದರೆ ಎರಡು ಅಡಿ ಅಗಲದ ಎಮ್ಮೆ ಹತ್ತಿರ ಹತ್ತಿರ ಮೂರು ಅಡಿ ಆಗಿಬಿಟ್ಟಿತು! ನಮ್ಮ ಮನೆಯಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ತಪ್ಪು ಎಲ್ಲಾಯಿತೆಂದರೆ, ಎಮ್ಮೆಯ ಬೆನ್ನು ಮೊಬೈಲಿಗೆ ಹತ್ತಿರ, ಕೋಲು ದೂರ. ಹತ್ತಿರದ್ದು ದೊಡ್ಡದಾಗಿಯೇ ಕಾಣುತ್ತದೆ. ಮುಂದಿನ ಭಾನುವಾರ ಕೋಲನ್ನು ಬೆನ್ನಿನ ಮಟ್ಟಕ್ಕೆ ಎತ್ತಿ ಹಿಡಿದೆ. ಆಗ ಲೆಕ್ಕ ದಾರಿಗೆ ಬಂತು. ಕಡಲಿನಲ್ಲಿ ಕೋಲು ಹಿಡಿಯಲು ಯಾರೂ ಇಲ್ಲ. ಅದಕ್ಕೇ ತಿಮಿಂಗಿಲ ಅಳೆಯುವ ಎಷ್ಟೋ ಡ್ರೋನುಗಳಲ್ಲಿ ಲೇಸರ್ ಕಿರಣ ಬಿಟ್ಟು ನೀರಿನಿಂದ ತಾನೆಷ್ಟು ಎತ್ತರದಲ್ಲಿದ್ದೇನೆ ಎಂದು ಅಳೆದುಕೊಳ್ಳುವ ಸಾಧನ ಇಟ್ಟಿರುತ್ತಾರೆ. ಎತ್ತರ ತಿಳಿದರೆ ಫೋಟೋದಲ್ಲಿನ ಒಂದು ಚುಕ್ಕೆ ನೀರಿನ ಮೇಲೆ ಎಷ್ಟು ಸೆಂಟಿಮೀಟರ್ ಎಂದು ತಿಳಿಯುತ್ತದೆ.

ಇನ್ನು ಒಬ್ಬ ತಾಯಿಯ ಕಥೆ. ಅಮೆರಿಕ ಮತ್ತು ಕೆನಡಾದ ಪಶ್ಚಿಮ ತೀರದಲ್ಲಿ ಓರ್ಕಾ ಎಂಬ ಕಪ್ಪು-ಬಿಳಿ ಪ್ರಾಣಿಗಳ ಒಂದು ಬಳಗವಿದೆ. ಜನ 'ಕೊಲೆಗಾರ ತಿಮಿಂಗಿಲ' ಎನ್ನುತ್ತಾರಾದರೂ ಅವು ಡಾಲ್ಫಿನ್ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡವು. ಈ ಬಳಗದಲ್ಲಿ ಉಳಿದಿರುವುದು ಎಪ್ಪತ್ತು ಚಿಲ್ಲರೆ ಮಾತ್ರ. ಅವುಗಳ ಮುಖ್ಯ ಊಟವಾದ ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನು ಕಡಿಮೆಯಾಗಿದೆ. ಪ್ರತಿಯೊಂದಕ್ಕೂ ನಂಬರು, ಹೆಸರು ಇದೆ. ಜೆ-35 ನಂಬರಿನ ತಾಹ್ಲೆಕ್ವಾ 2018ರ ಜುಲೈಯಲ್ಲಿ ಮರಿ ಹಾಕಿದಳು. ಮರಿ ಅರ್ಧ ಗಂಟೆಯಷ್ಟೂ ಬಾಳಲಿಲ್ಲ. ತಾಯಿ ಅದನ್ನು ಬಿಡಲಿಲ್ಲ. ಮೂತಿಯ ಮೇಲೆ ಎತ್ತಿಕೊಂಡು, ಜಾರಿದರೆ ಮುಳುಗಿ ಮತ್ತೆ ಎತ್ತಿಕೊಂಡು, 17 ದಿನ ಈಜಿದಳು. ಜಗತ್ತಿನ ಎಷ್ಟೋ ಮನೆಗಳಲ್ಲಿ ಜನ ಆ ಚಿತ್ರ ನೋಡಿ ಕಣ್ಣೊರೆಸಿಕೊಂಡರು.

ಎರಡು ವರ್ಷದ ಮೇಲೆ, 2020ರ ಜುಲೈಯಲ್ಲಿ, ಅದೇ ಬಳಗವನ್ನು ಡ್ರೋನಿನಿಂದ ಅಳೆಯುತ್ತಿದ್ದ ಜಾನ್ ಡರ್ಬನ್ ಮತ್ತು ಹಾಲಿ ಫರ್ನ್‌ಬಾಕ್ ಎಂಬ ವಿಜ್ಞಾನಿಗಳು ಚಿತ್ರಗಳನ್ನು ಹೋಲಿಸಿದಾಗ ತಾಹ್ಲೆಕ್ವಾಳ ಹೊಟ್ಟೆಯ ಭಾಗ ಅಗಲವಾಗಿತ್ತು. ಮತ್ತೆ ಬಸುರಿ! ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಏಕೆಂದರೆ ಈ ಬಳಗದಲ್ಲಿ ನಿಂತ ಬಸಿರುಗಳಲ್ಲಿ ಮೂರಕ್ಕೆ ಎರಡು ಉಳಿಯುವುದಿಲ್ಲ ಎಂದು 2017ರ ಒಂದು ಅಧ್ಯಯನ ಹೇಳಿತ್ತು. (ಅದನ್ನು ಕಂಡುಹಿಡಿದದ್ದು ಓರ್ಕಾಗಳ ಸಗಣಿಯಿಂದ. ನೀರಿನ ಮೇಲೆ ತೇಲುವ ಆ ಸಗಣಿಯ ವಾಸನೆ ಹಿಡಿಯಲು ದೋಣಿಯ ಮೂತಿಯಲ್ಲಿ ಟಕರ್ ಎಂಬ ನಾಯಿಯನ್ನು ನಿಲ್ಲಿಸುತ್ತಿದ್ದರು. ಆ ನಾಯಿಗೆ ನೀರೆಂದರೆ ಭಯ!) ಸೆಪ್ಟೆಂಬರಿನಲ್ಲಿ ತಾಹ್ಲೆಕ್ವಾ ಹೆತ್ತಳು. ಗಂಡು ಮರಿ. ಬದುಕಿತು, ಬೆಳೆಯಿತು. 2024ರ ಡಿಸೆಂಬರಿನಲ್ಲಿ ಇನ್ನೊಂದು ಹುಟ್ಟಿತು, ಹೆಣ್ಣು. ಅದು ಹೊಸ ವರ್ಷದ ಹೊತ್ತಿಗೆ ತೀರಿಹೋಯಿತು. ತಾಯಿ ಅದನ್ನೂ ಹೊತ್ತುಕೊಂಡು ತಿರುಗಿದಳು.

ಅಳೆದರೆ ಏನು ಬಂತು, ಮೀನು ಹೆಚ್ಚಿತೇ ಎಂದು ನಮ್ಮ ಪಕ್ಕದ ಮನೆಯ ಕಾಕಾ ಕೇಳಿದರು. ಸರಿಯಾದ ಪ್ರಶ್ನೆಯೇ. ಮೀನು ಹೆಚ್ಚಲಿಲ್ಲ. ಆದರೆ ಡ್ರೋನ್ ಚಿತ್ರಗಳಲ್ಲಿ ಯಾವ ಓರ್ಕಾಗಳು ಸೊರಗಿವೆ, ಯಾವುದು ಬಸುರಿ ಎಂದು ತಿಳಿದ ಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯ ಸರಕಾರ 2022ರಲ್ಲಿ ತುರ್ತು ನಿಯಮ ಮಾಡಿತು. ಪ್ರವಾಸಿಗರನ್ನು ತೋರಿಸಲು ಒಯ್ಯುವ ದೋಣಿಗಳು ಆ ಓರ್ಕಾಗಳಿಂದ ಅರ್ಧ ನಾಟಿಕಲ್ ಮೈಲಿ, ಅಂದರೆ 900 ಮೀಟರಿಗೂ ಹೆಚ್ಚು ದೂರ ಇರಬೇಕಿತ್ತು. ಓರ್ಕಾ ಸದ್ದು ಹೊರಡಿಸಿ, ಅದರ ಮಾರ್ದನಿ ಕೇಳಿಯೇ ಮೀನು ಹುಡುಕುವುದು. ದೋಣಿಯ ಗದ್ದಲದಲ್ಲಿ ಅದಕ್ಕೆ ಬೇಟೆ ತಪ್ಪುತ್ತದೆ. ಮನೆಯಲ್ಲಿ ಬಾಣಂತಿಯಿದ್ದರೆ ಬಾಗಿಲು ಮುಂದೆ ಮಾಡಿ, "ಸಪ್ಪಳ ಮಾಡಬ್ಯಾಡ್ರಿ" ಅನ್ನುವುದಿಲ್ಲವೇ?

ಅಟ್ಲಾಂಟಿಕ್ ಸಾಗರದ ಉತ್ತರ ಭಾಗದ ರೈಟ್ ವೇಲ್‌ಗಳ ಸ್ಥಿತಿ ಇದಕ್ಕಿಂತ ಬಿಗಡಾಯಿಸಿದೆ. ನಿಧಾನ ಈಜುತ್ತವೆ, ಕೊಂದರೆ ತೇಲುತ್ತವೆ. ಬೇಟೆಗೆ 'ಸರಿಯಾದ' ತಿಮಿಂಗಿಲ ಎಂದು ಬೇಟೆಗಾರರೇ ಇಟ್ಟ ಹೆಸರಂತೆ ಅದು. ಈಗ ಅವು 400ಕ್ಕಿಂತ ಕಡಿಮೆ ಉಳಿದಿವೆ. 2020ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಇವುಗಳ ಮೈಯಳತೆಯನ್ನು ಅರ್ಜೆಂಟೀನಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ದಕ್ಷಿಣದ ರೈಟ್ ವೇಲ್‌ಗಳ ಅಳತೆಯ ಪಕ್ಕದಲ್ಲಿಟ್ಟು ನೋಡಿದರು. ಉತ್ತರದವು ಎದ್ದು ಕಾಣುವಷ್ಟು ತೆಳ್ಳಗಿದ್ದವು. ಮೀನಿನ ಬಲೆಯ ಹಗ್ಗ ಮೈಗೆ ಸುತ್ತಿಕೊಂಡು ತಿಂಗಳುಗಟ್ಟಲೆ ಎಳೆದಾಡುತ್ತವೆ, ಹಡಗು ಬಡಿಯುತ್ತದೆ, ಆಹಾರ ಬೇರೆ ಕಡೆಗೆ ಸರಿದುಹೋಗಿದೆ. ಮೂರು ವರ್ಷಕ್ಕೊಮ್ಮೆ ಹೆರಬೇಕಾದ ತಾಯಿ ಈಗ ಏಳರಿಂದ ಹತ್ತು ವರ್ಷಕ್ಕೊಮ್ಮೆ ಹೆರುತ್ತಾಳೆ.

ಮಕ್ಕಳಿಗೆ ಇಷ್ಟವಾಗುವ ಭಾಗವನ್ನು ಕೊನೆಗೆ ಉಳಿಸಿಕೊಂಡಿದ್ದೆ: ತಿಮಿಂಗಿಲದ ಸಿಂಬಳ. ತಿಮಿಂಗಿಲ ಉಸಿರು ಬಿಟ್ಟಾಗ ಕಾರಂಜಿಯಂತೆ ಚಿಮ್ಮುವುದು ಬರೀ ನೀರಲ್ಲ. ಅದರಲ್ಲಿ ಶ್ವಾಸಕೋಶದ ಲೋಳೆ, ಜೀವಾಣುಗಳು ಎಲ್ಲ ಇರುತ್ತವೆ. ಆ ಕಾರಂಜಿಯೊಳಗೆ ಗಾಜಿನ ತಟ್ಟೆಯಂಥದ್ದನ್ನು ಹೊತ್ತ ಡ್ರೋನ್ ನುಗ್ಗಿಸಿದರೆ ಸಿಂಬಳ ಅಂಟಿಕೊಂಡು ಬರುತ್ತದೆ. ಅಮೆರಿಕದ ಇಯಾನ್ ಕರ್ ಎಂಬುವರು ಇಂಥ ಡ್ರೋನಿಗೆ 'ಸ್ನಾಟ್‌ಬಾಟ್' ಎಂದೇ ಹೆಸರಿಟ್ಟರು, ಸಿಂಬಳದ ಯಂತ್ರ ಎಂದ ಹಾಗೆ. ಆಸ್ಟ್ರೇಲಿಯಾದ ಸಿಡ್ನಿ ಹತ್ತಿರ ವನೆಸಾ ಪಿರೋಟಾ ಮತ್ತು ಜೊತೆಗಾರರು ತಟ್ಟೆಗೆ ಮುಚ್ಚಳ ಕೂಡಿಸಿದರು. ಕಾರಂಜಿ ಚಿಮ್ಮುವ ಹೊತ್ತಿಗೆ ಮಾತ್ರ ಅದು ತೆರೆಯುತ್ತದೆ, ಹಾಗಾಗಿ ಗಾಳಿಯ ಕಸ ಸೇರುವುದಿಲ್ಲ. ಕೊರೊನಾ ಕಾಲದಲ್ಲಿ ನಿಮ್ಮ ಅಜ್ಜ-ಅಜ್ಜಿಯರ ಮೂಗಿನೊಳಗೆ ಕಡ್ಡಿ ಹಾಕಿ ತಿರುವಿದರಲ್ಲ, ಇದು ಅದೇ ಪರೀಕ್ಷೆ. ತಿಮಿಂಗಿಲಕ್ಕೆ ಮಾತ್ರ ಕಡ್ಡಿಯ ಕಾಟವಿಲ್ಲ.

ಉತ್ತರ ನಾರ್ವೆಯ ಹಿಮಗಡಲಿನ ತಿಮಿಂಗಿಲಗಳ ಉಸಿರಿನಲ್ಲಿ ಮಾರ್ಬಿಲಿವೈರಸ್ ಎಂಬ ರೋಗಾಣು ಇರುವುದು ತಿಳಿದದ್ದೂ ಹೀಗೆ ಡ್ರೋನ್ ತಂದ ಸಿಂಬಳದಿಂದಲೇ. ಮಕ್ಕಳಿಗೆ ಬರುವ ದಡಾರ, ಹಿಂದೆ ನಮ್ಮ ದನಗಳನ್ನು ಹಟ್ಟಿಗಟ್ಟಲೆ ಒಯ್ಯುತ್ತಿದ್ದ ದೊಡ್ಡರೋಗ, ಎರಡರ ರೋಗಾಣುಗಳೂ ಇದರ ದಾಯಾದಿಗಳು. ದೊಡ್ಡರೋಗ ಜಗತ್ತಿನಿಂದಲೇ ಹೋಯಿತೆಂದು 2011ರಲ್ಲಿ ಸಾರಿದರು. ಆ ಹೆಸರು ಕೇಳಿದರೆ ಇವತ್ತಿಗೂ ಮುಖ ಸಣ್ಣದಾಗುವ ಹಿರಿಯರು ನಿಮ್ಮ ಓಣಿಯಲ್ಲೇ ಇರಬಹುದು, ಕೇಳಿ ನೋಡಿ.

ಇದೆಲ್ಲ ದೂರದ ದೇಶದ ಮಾತಾಯಿತು, ನಮ್ಮ ಕಡೆ ತಿಮಿಂಗಿಲ ಇಲ್ಲವೇ? ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದಲ್ಲಿ ಕಡಲಿಲ್ಲ, ಕೃಷ್ಣೆಯೂ ಪಶ್ಚಿಮದ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ಹರಿಯುವವಳು. ಆದರೆ ಸಹ್ಯಾದ್ರಿಯ ಆಚೆ ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ಎಂಬ ಗೂನುಬೆನ್ನಿನ ತಿಮಿಂಗಿಲಗಳ ಒಂದು ಸಣ್ಣ ಬಳಗವಿದೆ. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳು ಬೇಸಿಗೆಗೆ ಧ್ರುವದ ಕಡೆ ಹೋಗುತ್ತವೆ, ಇವು ವರ್ಷವಿಡೀ ಇಲ್ಲೇ. ಒಮಾನ್ ತೀರದಲ್ಲಿ ಇವುಗಳ ಅಂದಾಜು ಎಣಿಕೆ ನೂರೂ ದಾಟುವುದಿಲ್ಲ. ಫೋಟೋಗಳಲ್ಲಿ ಕೆಲವುಗಳ ಚರ್ಮದ ಮೇಲೆ ಹಚ್ಚೆ ಹಾಕಿದಂಥ ಕಲೆಯ ರೋಗವೂ ಕಂಡಿದೆ. 2017ರಲ್ಲಿ ಒಮಾನಿನ ಹತ್ತಿರ ಒಂದು ಹೆಣ್ಣಿಗೆ ಉಪಗ್ರಹದ ಗುರುತುಪಟ್ಟಿ ಅಂಟಿಸಿದರು. ಅವಳು ಅರಬ್ಬೀ ಸಮುದ್ರ ದಾಟಿ ಗೋವಾದ ಕಡೆಗೆ ಬಂದು, ತೀರದ ಗುಂಟ ದಕ್ಷಿಣಕ್ಕೆ ಇಳಿದು, ಕನ್ಯಾಕುಮಾರಿಯ ಆಚೆ ಮನ್ನಾರ್ ಕೊಲ್ಲಿ ಮುಟ್ಟಿ, ತಿರುಗಿ ಒಮಾನಿಗೆ ಹೋದಳು. ನಮ್ಮ ಕಾರವಾರದವರಿಗೆ ಸುಳಿವೂ ಕೊಡದೆ ಹಾದುಹೋದ ಹಾಗಾಯಿತು! ಅವಳ ಹೆಸರು ಲುಬಾನ್. ಅರಬ್ಬಿಯಲ್ಲಿ ಧೂಪದ ಅಂಟು ಎಂದರ್ಥ. ನಾವು ಕೆಂಡದ ಮೇಲೆ ಹಾಕುವ ಲೋಬಾನದ ಹೆಸರು ಬಂದದ್ದೂ ಆ ಮಾತಿನಿಂದಲೇ.

ಹೋದ ವಾರ ನಮ್ಮ ಎಮ್ಮೆ ಈಯಿತು. ಹೆಣ್ಣು ಕರು. ಮೊಮ್ಮಗಳು ಅದಕ್ಕೆ ಲುಬಾನ್ ಎಂದು ಹೆಸರಿಟ್ಟಿದ್ದಾಳೆ, ಅಜ್ಜಿ "ಲುಬ್ಬಿ, ಲುಬ್ಬಿ" ಎಂದು ಕರೆಯುತ್ತಾಳೆ. ಭಾನುವಾರದ ಫೋಟೋಗಳು ಒಟ್ಟು ಒಂಬತ್ತು ಆಗಿವೆ. ಕೊನೆಯದರ ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಅವಳು ಬರೆದದ್ದು: "ಅಗಲ ಕಡಿಮೆ ಆತು. ಕಾರಣ ಹೊರಗ ಬಂದದ."