ಗಿಳಿಗೆ ಕನ್ನಡ ಕಲಿಸುವ ಬಾಂಧವರಿಗೆ

ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ನಮ್ಮ ಇಂದಾಪುರ ದೊಡ್ಡ ಊರೇನಲ್ಲ. ಕಬ್ಬು, ಸಕ್ಕರೆ ಕಾರಖಾನೆ, ಉಜನಿಯ ಹಿನ್ನೀರು ಎಂದು ಹೇಳಿದರೆ ಊರಿನ ಪರಿಚಯ ಮುಗಿಯಿತು. ನೌಕರಿಗಾಗಿಯೋ ವ್ಯಾಪಾರಕ್ಕಾಗಿಯೋ ಬಂದು ಇಲ್ಲಿ ನೆಲೆಸಿದ ಕನ್ನಡಿಗರ ಮನೆಗಳು ಬೆರಳೆಣಿಕೆಯಷ್ಟು. ಆದರೂ ಪುಣೆಯ ಅನುಕೂಲವಂತರ ಮನೆಗಳಲ್ಲಿ ಕಾಣಿಸಿಕೊಂಡ ಶೋಕಿ ಯಾವುದೇ ಇರಲಿ, ವರುಷ ತುಂಬುವುದರೊಳಗೆ ಅದು ಈ ಹೆದ್ದಾರಿ ಹಿಡಿದು ನಮ್ಮಲ್ಲಿಗೂ ಬಂದು ಮುಟ್ಟುತ್ತದೆ. ಈಚೆಗೆ ಹಾಗೆ ಬಂದು ಮುಟ್ಟಿರುವುದು ಬೂದು ಮೈಯ, ಕೆಂಪು ಬಾಲದ ಆಫ್ರಿಕದ ಗಿಳಿ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದದ್ದು. ಅತಿಥಿಗಳ ಮುಂದೆ ಚಹಾ ಬರುವುದಕ್ಕಿಂತ ಮೊದಲು ಪಂಜರ ಬರುತ್ತದೆ. “ಕಾಕಾ ಬಂದಾರ ನೋಡು, ನಮಸ್ಕಾರ ಅನ್ನು” ಎಂದು ಮನೆಯೊಡತಿ ಹೇಳಿಕೊಡುತ್ತಾರೆ. ಗಿಳಿ ಅಚ್ಚ ಕನ್ನಡದಲ್ಲಿ ನಮಸ್ಕಾರ ಎನ್ನುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಈ ಸಲದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇಂಥದೊಂದು ಗಿಳಿಯನ್ನು ವೇದಿಕೆಯ ಮೇಲೆ ತಂದು ಕನ್ನಡ ಮಾತಾಡಿಸಬೇಕೆಂಬ ಸಲಹೆ ನಮ್ಮ ಬಳಗದಲ್ಲೇ ಹೊರಟಿದೆ. ಸಲಹೆ ಕೊಟ್ಟವರ ಕನ್ನಡಾಭಿಮಾನದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸಲಹೆಯನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ವೇದಿಕೆಯ ಮಾತು ಹಾಗಿರಲಿ, ಈ ಹಕ್ಕಿಯನ್ನು ಕೊಂಡು ತರುವ ಚಟವನ್ನೇ ವಿರೋಧಿಸುತ್ತೇವೆ. ಕಾರಣಗಳನ್ನು ಬಾಂಧವರ ಮುಂದಿಡುವುದು ನಮ್ಮ ಕರ್ತವ್ಯ.

ಮೊದಲನೆಯದಾಗಿ, ಈ ಹಕ್ಕಿ ಏನೆಂಬುದೇ ನಮಗೆ ಸರಿಯಾಗಿ ತಿಳಿದಿಲ್ಲ. ಅರ್ಥವರಿಯದೆ ಒಪ್ಪಿಸುವುದಕ್ಕೆ ನಮ್ಮ ಭಾಷೆಯಲ್ಲಿ ‘ಗಿಳಿಪಾಠ’ ಎಂದು ಹೆಸರು. ಈ ಗಿಳಿಯ ಮಟ್ಟಿಗೆ ಆ ಮಾತು ಅನ್ಯಾಯದ್ದು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಷಿಕಾಗೊದ ಒಂದು ಅಂಗಡಿಯಿಂದ ಇದೇ ಜಾತಿಯ ಮರಿಯೊಂದನ್ನು ತಂದು, ಆಲೆಕ್ಸ್ ಎಂದು ಹೆಸರಿಟ್ಟು, ಮೂವತ್ತು ವರ್ಷ ಅದರೊಡನೆ ಪ್ರಯೋಗ ನಡೆಸಿದರು. ಅದು ಸುಮಾರು ಐವತ್ತು ವಸ್ತುಗಳನ್ನು ಹೆಸರಿಸುತ್ತಿತ್ತು; ಏಳು ಬಣ್ಣ, ಐದು ಆಕಾರಗಳನ್ನು ಗುರುತಿಸುತ್ತಿತ್ತು; ಆರರವರೆಗೆ ಎಣಿಸುತ್ತಿತ್ತು. ಎರಡು ವಸ್ತುಗಳನ್ನು ಮುಂದೆ ಹಿಡಿದು ಯಾವುದರಲ್ಲಿ ಅವು ಒಂದೇ, ಯಾವುದರಲ್ಲಿ ಬೇರೆ ಎಂದು ಕೇಳಿದರೆ ಬಣ್ಣ, ಆಕಾರ ಎಂದು ವಿಂಗಡಿಸಿ ಹೇಳುತ್ತಿತ್ತು. 2007ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಅದು ಸತ್ತಿತು. ಇದನ್ನು ಕೇಳಿ ನಮ್ಮವರು, “ನೋಡಿದಿರಾ, ಎಂಥ ಜಾಣ ಹಕ್ಕಿ! ಅದಕ್ಕೇ ಸಾಕುತ್ತೇವೆ” ಎನ್ನುತ್ತಾರೆ. ನಾವು ಹೇಳುವುದು ಇದಕ್ಕೆ ನೇರ ವಿರುದ್ಧ. ಇಷ್ಟು ತಿಳಿಯುವ ಜೀವಕ್ಕೆ ತಾನು ಒಂಟಿಯೆಂಬುದು ತಿಳಿಯದೆ? ದಿನವಿಡೀ ಕಂಬಿಗಳನ್ನು ನೋಡುತ್ತ ಕುಳಿತಿರುವ ಬೇಸರ ತಿಳಿಯದೆ? ಜಾಣ್ಮೆ ಹೆಚ್ಚಿದಷ್ಟೂ ಸೆರೆ ಹೆಚ್ಚು ಕ್ರೂರವಾಗುತ್ತದೆ.

ಗಿಳಿ ಹಿಂಡಿನ ಹಕ್ಕಿ. ಇದನ್ನು ನಮಗೆ ಅಮೆರಿಕದವರು ಬಂದು ಹೇಳಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಕವನ ಸಂಗ್ರಹಕ್ಕೆ ‘ಗಿಳಿವಿಂಡು’ ಎಂದು ಹೆಸರಿಟ್ಟರು. ಗಿಳಿಯೆಂದೊಡನೆ ಹಿಂಡು ನೆನಪಾಗುವ ಭಾಷೆ ನಮ್ಮದು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮಳೆಕಾಡಿನಲ್ಲಿ ಈ ಬೂದುಗಿಳಿಗಳು ಸಂಜೆಯಾದರೆ ನೂರುಗಟ್ಟಲೆ ಒಂದೇ ಕಡೆಯ ಮರಗಳಲ್ಲಿ ತಂಗುತ್ತವೆ. ಎತ್ತರದ ಮರದ ಪೊಟರೆಯಲ್ಲಿ ಗಂಡುಹೆಣ್ಣು ಜೋಡಿಯಾಗಿ ಸಂಸಾರ ಹೂಡುತ್ತವೆ. ಅವು ದನಿಗಳನ್ನು ಕಲಿಯುವುದು ತಮ್ಮ ಹಿಂಡಿನವರೊಡನೆ ಬಾಳುವುದಕ್ಕಾಗಿ. ನಮ್ಮ ಮನೆಯಲ್ಲಿ ಹಿಂಡೇ ಇಲ್ಲದ್ದರಿಂದ, ಕೇಳಿಸುವ ದನಿ ನಮ್ಮದೊಂದೇ ಆದ್ದರಿಂದ, ಅದನ್ನು ಕಲಿಯುತ್ತವೆ. ನಾವು ಚಪ್ಪಾಳೆ ತಟ್ಟುತ್ತಿರುವುದು ಅದರ ಒಂಟಿತನಕ್ಕೆ.

ಇನ್ನು ಇವು ಇಲ್ಲಿಗೆ ಬಂದ ಬಗೆ. ಬಾಣನ ಕಾದಂಬರಿಯ ಕಥೆಯನ್ನು ಹೇಳುವವನು ವೈಶಂಪಾಯನನೆಂಬ ಗಿಳಿ. ಸಾವಿರ ವರ್ಷದ ಹಿಂದೆಯೇ ನಾಗವರ್ಮನು ಅದನ್ನು ಕನ್ನಡಕ್ಕೆ ತಂದಿದ್ದಾನೆ. ಮುದಿ ಬೇಡನೊಬ್ಬ ಬೂರುಗದ ಮರವನ್ನೇರಿ, ಪೊಟರೆಗಳಿಂದ ಗಿಳಿಗಳನ್ನು ಎಳೆದೆಳೆದು ಕೊಂದು ಕೆಡವುವುದು, ಮರಿಯನ್ನು ರೆಕ್ಕೆಯಡಿ ಅಡಗಿಸಿಕೊಂಡ ತಂದೆಗಿಳಿ ಸಾಯುವುದು ಅಲ್ಲಿ ಬರುತ್ತದೆ. ಆಫ್ರಿಕದಲ್ಲಿ ನಡೆದದ್ದು ಅದೇ, ವ್ಯಾಪಾರದ ಪ್ರಮಾಣದಲ್ಲಿ. ಕೊಂಬೆಗಳಿಗೆ ಅಂಟು ಬಳಿದು, ಕರೆಯುವುದಕ್ಕೆ ಒಂದು ಹಕ್ಕಿಯನ್ನು ಕಟ್ಟಿಟ್ಟು, ಹಿಂಡುಹಿಂಡಾಗಿ ಹಿಡಿದರು. 1975ರಿಂದೀಚೆಗೆ ಸರಕಾರಿ ದಾಖಲೆಗಳಲ್ಲಿ ಸೇರಿದ ರಫ್ತೇ ಹನ್ನೆರಡು ಲಕ್ಷಕ್ಕೂ ಮಿಕ್ಕಿದ್ದು. ಕಳ್ಳಸಾಗಣೆಯದು, ಪೆಟ್ಟಿಗೆಗಳಲ್ಲಿ ಉಸಿರುಕಟ್ಟಿ ಸತ್ತವುಗಳದು ಈ ಲೆಕ್ಕದಲ್ಲಿ ಇಲ್ಲ. ಘಾನಾ ದೇಶದಲ್ಲಿ 1992ರಿಂದೀಚೆಗೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಗಿಳಿಗಳು ಇಲ್ಲವಾದವೆಂದು ಸಮೀಕ್ಷೆ ಮಾಡಿದವರು 2016ರಲ್ಲಿ ವರದಿ ಮಾಡಿದರು. ಅದೇ ವರ್ಷ ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಈ ಗಿಳಿಯನ್ನು ಅತ್ಯಂತ ಕಟ್ಟುನಿಟ್ಟಿನ ಮೊದಲನೆಯ ಪಟ್ಟಿಗೆ ಸೇರಿಸಿದವು.

“ನಮ್ಮದು ಕಾಡಿನದಲ್ಲ, ಪಂಜರದಲ್ಲೇ ಹುಟ್ಟಿದ ಮರಿ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಇರಬಹುದು. ಆದರೆ ಮನುಷ್ಯರಿಗೆ ಒಗ್ಗಲೆಂದು, ಕಣ್ಣುಬಿಟ್ಟ ಕೆಲವೇ ವಾರಗಳಲ್ಲಿ ಆ ಮರಿಯನ್ನು ತಾಯಿತಂದೆಗಳಿಂದ ಅಗಲಿಸಿ, ಸಿರಿಂಜಿನಿಂದ ಗಂಜಿ ಕುಡಿಸಿ ಬೆಳೆಸುತ್ತಾರೆ. ಅದು ನಮ್ಮ ಹೆಗಲೇರಿ ಕುಳಿತುಕೊಳ್ಳುವುದು ಹೀಗೆ ತಬ್ಬಲಿಯಾದದ್ದರಿಂದ. ನಾಯಿ ಸಾವಿರಾರು ವರ್ಷ ಮನುಷ್ಯರೊಡನೆ ಬಾಳಿ ಮನೆಯ ಪ್ರಾಣಿಯಾಯಿತು. ಈ ಗಿಳಿ ಕಾಡು ಬಿಟ್ಟು ಒಂದೆರಡು ತಲೆಮಾರೂ ಆಗಿಲ್ಲ. ಪಂಜರದಲ್ಲಿ ಹುಟ್ಟಿದ ಮಾತ್ರಕ್ಕೆ ಅದರ ರೆಕ್ಕೆ ಹಾರುವುದನ್ನು ಮರೆತಿಲ್ಲ, ಮನಸ್ಸು ಹಿಂಡನ್ನು ಮರೆತಿಲ್ಲ.

ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ನಮ್ಮೂರಿನ ಒಂದು ಮನೆಯ ಉದಾಹರಣೆ ಸಾಕು. ಹಗಲೆಲ್ಲ ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮನೆಯಲ್ಲಿ ವಿಜಾಪುರದ ಕಡೆಯ ಅಜ್ಜಿ, ಈ ಗಿಳಿ, ಇಬ್ಬರೇ. ಮರಾಠಿ ಬಾರದ ಅಜ್ಜಿಗೂ ಅದೊಂದು ಮಾತಿನ ಜೊತೆ. ಅಜ್ಜಿ ತೀರಿಕೊಂಡ ಮೇಲೆ, ಸಂಜೆ ನಾಲ್ಕಾಯಿತೆಂದರೆ, ಗಿಳಿ ಅಜ್ಜಿಯ ದನಿಯಲ್ಲೇ “ಚಹಾ ಆತೇನವಾ?” ಎಂದು ಕೇಳತೊಡಗಿತು. ಅದೇ ಎಳೆತ, ಅದೇ ಕೆಮ್ಮು. ಸೊಸೆಗೆ ಅದನ್ನು ಕೇಳಿ ತಡೆದುಕೊಳ್ಳಲಾಗಲಿಲ್ಲ, ತಪ್ಪೆನ್ನಲಾಗದು. ಪಂಜರ ಹಿಂದಿನ ಗ್ಯಾಲರಿಗೆ ಹೋಯಿತು. ಎರಡು ತಿಂಗಳಲ್ಲಿ ಆ ಹಕ್ಕಿ ತನ್ನ ಎದೆಯ ಗರಿಗಳನ್ನೆಲ್ಲ ತಾನೇ ಕಿತ್ತು ಹಾಕಿಕೊಂಡಿತು. ಈಗ ಕೋಳಿಯಂಗಡಿಯಲ್ಲಿ ತೂಗುಹಾಕಿದ ಕೋಳಿಯಂತಿದೆ. ಗರಿ ಕಿತ್ತುಕೊಳ್ಳುವುದಕ್ಕೆ ಚರ್ಮದ ರೋಗ, ಆಹಾರದ ಕೊರತೆ ಕೂಡ ಕಾರಣವಾಗಬಹುದು. ಆದರೆ ಒಂಟಿತನದಿಂದ, ಬೇಸರದಿಂದ ಈ ಜಾತಿಯ ಗಿಳಿಗಳು ಹೀಗೆ ಮಾಡಿಕೊಳ್ಳುವುದು ವೈದ್ಯರೆಲ್ಲ ಬಲ್ಲ ಸಂಗತಿ. ಅತಿಥಿಗಳು ಬಂದರೆ ಆ ಪಂಜರ ಈಗ ಹೊರಗೆ ಬರುವುದಿಲ್ಲ.

ಸಾಕುವ ಕ್ರಮವಾದರೂ ನೆಟ್ಟಗಿದೆಯೇ? ತಟ್ಟೆಯ ತುಂಬ ಸೂರ್ಯಕಾಂತಿ ಬೀಜ, ಮೇಲೊಂದು ಹಸಿಮೆಣಸಿನಕಾಯಿ, ಪ್ರೀತಿ ಹೆಚ್ಚಾದರೆ ಚಿವಡಾ, ಬಿಸ್ಕತ್ತು, ಚಹಾ. ಬರಿಯ ಬೀಜ ತಿಂದ ಗಿಳಿಗೆ ‘ಎ’ ಜೀವಸತ್ವದ, ಸುಣ್ಣದ ಅಂಶದ ಕೊರತೆಯಾಗುತ್ತದೆ. ಬೂದುಗಿಳಿಗಳಲ್ಲಿ ಸುಣ್ಣದ ಅಂಶ ಇಳಿದು ಮೂರ್ಛೆ ಬರುವುದು ಪ್ರಸಿದ್ಧವೇ ಇದೆ. ಚಾಕಲೇಟು, ಬೆಣ್ಣೆಹಣ್ಣು ಅದಕ್ಕೆ ವಿಷ. ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಅಂಟದ ತವೆ ಒಲೆಯ ಮೇಲೆ ಬರಿದಾಗಿ ಕಾದರೆ ಏಳುವ ಹೊಗೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಗಿಳಿಯನ್ನು ಕೊಲ್ಲಬಲ್ಲದು. ಒಗ್ಗರಣೆಯ ಘಾಟು, ಊದುಬತ್ತಿ, ಸೊಳ್ಳೆಬತ್ತಿ ಕೂಡ ಒಳ್ಳೆಯದಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಇಂದಾಪುರದ ಒಣ ಬಿಸಿಲು ನಮ್ಮನ್ನೇ ಹುರಿಯುವಾಗ, ತೇವ ತುಂಬಿದ ಕಾಡಿನ ಹಕ್ಕಿಯನ್ನು ತಗಡಿನ ಮಾಡಿನ ಗ್ಯಾಲರಿಯಲ್ಲಿ ನೇತುಹಾಕುವುದೆಂದರೇನು? ಕಾಯಿಲೆಯಾದರೆ ಇಲ್ಲಿಯ ಪಶುವೈದ್ಯರು ಎಮ್ಮೆ, ಆಕಳು ನೋಡುವವರು. ಗಿಳಿಯ ರೋಗ ಬಲ್ಲವರು ಬೇಕಾದರೆ ಪುಣೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಕ್ಕಿಗಳಾದರೋ ರೋಗವನ್ನು ಕೊನೆಯವರೆಗೆ ಬಚ್ಚಿಡುತ್ತವೆ; ನಮಗೆ ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ.

ಆಯುಷ್ಯದ ಲೆಕ್ಕವನ್ನೂ ಹಾಕಬೇಕು. ಚೆನ್ನಾಗಿ ನೋಡಿಕೊಂಡರೆ ಇದು ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ನಮ್ಮಂಥ ನಲವತ್ತು ದಾಟಿದ ನೌಕರವರ್ಗದವರು ಇಂದು ಕೊಂಡ ಮರಿ ನಮ್ಮ ನಿವೃತ್ತಿಯನ್ನೂ ನೋಡುತ್ತದೆ, ನಮ್ಮ ತಿಥಿಯನ್ನೂ ನೋಡುತ್ತದೆ. ಆಮೇಲೆ ಯಾರು? ವರ್ಗಾವಣೆಯ ಆಜ್ಞೆ ಬಂದರೆ ಟ್ರಂಕು, ಹಾಸಿಗೆ ಲಾರಿಗೆ ಏರಿಸಿದಂತೆ ಒಬ್ಬರನ್ನೇ ಹಚ್ಚಿಕೊಂಡ ಈ ಜೀವವನ್ನು ಏರಿಸಲಾದೀತೇ? ಮಗಳ ಮದುವೆಗೆ ಹತ್ತು ವರ್ಷ ಮೊದಲೇ ಯೋಚಿಸುವ ನಾವು ಈ ವಿಷಯದಲ್ಲಿ ಒಂದು ಸಂಜೆಯೂ ಯೋಚಿಸುವುದಿಲ್ಲ.

ಕಾಯಿದೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮ ದೇಶದ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಗಿಳಿಶಾಸ್ತ್ರ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಬಡವನ ಕಸುಬು ಈ ಕಾಯಿದೆಯಿಂದ ಹೋಯಿತು, ಹೋದದ್ದು ಸರಿಯೇ. ಆದರೆ ಶ್ರೀಮಂತರು ತಂದ ಹೊರದೇಶದ ಹಕ್ಕಿ ಬಹುಕಾಲ ಈ ಕಾಯಿದೆಯ ಕೈಗೆ ಸಿಗದೆ ಉಳಿಯಿತು. 2020ರಲ್ಲಿ ಕೇಂದ್ರ ಸರಕಾರ ತಾವಾಗಿ ಘೋಷಿಸಿಕೊಳ್ಳುವ ಅವಕಾಶ ಕೊಟ್ಟಾಗ ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮುಂದೆ ಬಂದರೆಂದ ಮೇಲೆ ಈ ಚಟ ಎಷ್ಟು ಹಬ್ಬಿದೆಯೆಂದು ಊಹಿಸಬಹುದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಸೈಟಿಸ್ ಪಟ್ಟಿಯ ಜೀವಿಗಳೂ ಕಾಯಿದೆಯೊಳಗೆ ಬಂದವು. 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಇಂಥ ಹಕ್ಕಿ ಇದ್ದವರು ಆರು ತಿಂಗಳೊಳಗೆ ‘ಪರಿವೇಶ್’ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕಿತ್ತು. ಸ್ಕೂಟರಿಗೆ ಕಾಗದಪತ್ರ ಇಲ್ಲದಿದ್ದರೆ ಕೊಳ್ಳದ ನಮ್ಮವರು ಗಿಳಿ ಕೊಳ್ಳುವಾಗ ಚೀಟಿಯನ್ನೂ ಕೇಳುವುದಿಲ್ಲವೆಂಬುದು ಸೋಜಿಗ.

ಹಾಗಾದರೆ ಇದ್ದವರೇನು ಮಾಡಬೇಕು? ಇದನ್ನೋದಿ ಯಾರಾದರೂ ಪುಣ್ಯ ಬರಲೆಂದು ಪಂಜರದ ಬಾಗಿಲು ತೆರೆದಾರೆಂಬ ಭಯ ನಮಗಿದೆ. ಖಂಡಿತ ಕೂಡದು. ಆಫ್ರಿಕದ ಹಕ್ಕಿ ಇಂದಾಪುರದ ಕಬ್ಬಿನ ಗದ್ದೆಯಲ್ಲಿ ಬದುಕದು. ಅದು ಬಿಡುಗಡೆಯಲ್ಲ, ಕೊಲೆ. ತಂದದ್ದಾಯಿತು, ಇನ್ನು ಅದರ ಋಣ ತೀರಿಸಬೇಕು. ಕಾಗದಪತ್ರ ಸರಿಪಡಿಸಿಕೊಳ್ಳಿ. ರೆಕ್ಕೆ ಪೂರ್ತಿ ಬಿಚ್ಚುವಷ್ಟು ದೊಡ್ಡ ಪಂಜರ ಕೊಡಿ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ ದಿನಾಲು ಕೆಲವು ತಾಸು ಹೊರಗೆ ಬಿಡಿ. ಸೊಪ್ಪು, ಗಜ್ಜರಿ, ಮೊಳಕೆ ಕಾಳು, ಹಣ್ಣು ಕೊಡಿ. ಕಡಿದು ಹಾಕಲು ಕಟ್ಟಿಗೆ, ನೀರಿನ ತುಂತುರು, ರಾತ್ರಿ ಹತ್ತು ಹನ್ನೆರಡು ತಾಸಿನ ಸದ್ದಿಲ್ಲದ ಕತ್ತಲೆ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ ಜೊತೆ ಇರಲಿ. ನಿಮ್ಮ ನಂತರ ಯಾರು ನೋಡಿಕೊಳ್ಳುವರೆಂದು ಇಂದೇ ಗೊತ್ತುಮಾಡಿ. ಇಲ್ಲದವರು ತರಲೇಬೇಡಿ. ಕೊಳ್ಳುವವರಿಲ್ಲದಿದ್ದರೆ ಮಾರುವವರಿಲ್ಲ.

“ಹಕ್ಕಿಗಳ ಮೇಲಿನ ಪ್ರೀತಿಯಿಂದ ಸಾಕುತ್ತೇವೆ, ತಪ್ಪೇನು?” ಎನ್ನುವವರು ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿಗೆ ಹೋಗಿ ಬರಲಿ. ಅಲ್ಲಿ ತಲೆತಲಾಂತರದಿಂದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆ; ಊರವರು ಅವನ್ನು ಶುಭವೆಂದು ನಂಬಿ, ಹಿಕ್ಕೆಯ ನಾತವನ್ನೂ ಸೈರಿಸಿ ಬಾಳುತ್ತಾರೆ. ಒಂದು ಪಂಜರವೂ ಇಲ್ಲ. ಪ್ರೀತಿಯೆಂದರೆ ಅದು. ಅಷ್ಟು ದೂರ ಏಕೆ, ನಮ್ಮ ತಾಲೂಕಿನ ಭಿಗವಣದ ಹಿನ್ನೀರಿಗೆ ಪ್ರತಿ ಚಳಿಗಾಲ ರಾಜಹಂಸಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಆ ನೀರು ಭೀಮೆಯದು; ಮುಂದೆ ನಮ್ಮ ವಿಜಾಪುರ, ಕಲಬುರ್ಗಿ ಜಿಲ್ಲೆಗಳಿಗೇ ಹರಿದುಹೋಗುವಂಥದು. ರಾಜ್ಯೋತ್ಸವದ ವೇದಿಕೆಯ ಗಿಳಿಯನ್ನು ಕೈಬಿಟ್ಟು, ಡಿಸೆಂಬರಿನಲ್ಲೊಂದು ಭಾನುವಾರ ಸಂಘದ ಮಕ್ಕಳನ್ನೆಲ್ಲ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಕರೆದೊಯ್ಯೋಣವೆಂದು ಕಾರ್ಯಕಾರಿ ಸಮಿತಿಗೆ ನಮ್ಮ ಸೂಚನೆ.

ಕೊನೆಯದೊಂದು ಮಾತು, ಕಹಿಯಾದರೂ ಹೇಳಲೇಬೇಕು. ಗಿಳಿಯ ಮುಂದೆ ದಿನಾಲು ಅರ್ಧ ತಾಸು ಕುಳಿತು “ನಮಸ್ಕಾರ, ಬರ್ರಿ, ಊಟ ಆತೇನ್ರಿ” ಎಂದು ನೂರು ಸಲ ಹೇಳಿಕೊಡುವ ಸಹನೆ ನಮಗಿದೆ. ಅದೇ ಮನೆಯ ಮಗುವಿನೊಡನೆ ಕನ್ನಡದಲ್ಲಿ ಅರ್ಧ ತಾಸು ಮಾತಾಡಲು ಪುರಸತ್ತಿಲ್ಲ. ಪರಊರಿನಲ್ಲಿ ಒಂಟಿಯಾದ ಭಾಷೆ ನಮ್ಮದೂ ಹೌದು. ಅದು ಉಳಿಯಬೇಕಾದರೆ ಹಿಂಡು ಬೇಕು. ಮಕ್ಕಳು, ಅಜ್ಜಿಯರು, ನೆರೆಯವರು ಸೇರಿ ಆಡುವ ಮಾತು ಬೇಕು. ಆ ಸಹನೆಯನ್ನು ಮಕ್ಕಳ ಕಡೆ ತಿರುಗಿಸೋಣ. ಮುಂದಿನ ರಾಜ್ಯೋತ್ಸವದಲ್ಲಿ ವೇದಿಕೆಯೇರಿ ನಮಸ್ಕಾರ ಎನ್ನುವವರು ಅವರಾಗಲಿ.