ಮುತ್ತಜ್ಜಿಯ ಹೆಸರೇನು?

‘ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ’ ಎಂದು ಶಾಲೆಯಲ್ಲಿ ಹೇಳಿದ ದಿನ ಮಕ್ಕಳಿಗೆ ಮೊದಲ ಮೂರು ಸಾಲು ಸಲೀಸು. ತಾನು, ಅಪ್ಪ-ಅಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ. ನಾಲ್ಕನೆಯ ಸಾಲಿಗೆ ಬಂದಾಗ ಪೆನ್ನು ತಡೆಯುತ್ತದೆ. ಅಪ್ಪನ ಅಜ್ಜನ ಹೆಸರು ಹೇಗೋ ಸಿಗುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವ ಮನೆಗಳಲ್ಲಿ ಅಪ್ಪನ ಹೆಸರೇ ಅದು. ಆದರೆ ಅಮ್ಮನ ಅಜ್ಜಿಯ ಹೆಸರು? ‘ಎಲ್ಲರೂ ಅವ್ವ ಅಂತಲೇ ಕರೀತಿದ್ದರು’ ಎಂಬ ಉತ್ತರದೊಂದಿಗೆ ಆ ಕೊಂಬೆ ಅಲ್ಲಿಗೇ ಮುರಿಯುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಸಣ್ಣ ಸಂಗತಿಯಲ್ಲ. ಪ್ರತಿಯೊಬ್ಬರಿಗೂ ತಂದೆ-ತಾಯಿ 2 ಮಂದಿ, ಅಜ್ಜ-ಅಜ್ಜಿಯರು 4, ಅವರ ತಂದೆ-ತಾಯಿಗಳು 8, ಅವರಿಗೂ ಹಿಂದಿನವರು 16. ಹೀಗೇ ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಸಾಲಿನಲ್ಲಿಯೇ 1,024 ಸ್ಥಾನಗಳು. ಒಂದು ತಲೆಮಾರಿಗೆ 25ರಿಂದ 30 ವರ್ಷ ಎಂದುಕೊಂಡರೆ, ಇಂದು ಹೈಸ್ಕೂಲಿನಲ್ಲಿರುವ ಹುಡುಗಿಯ ಆ 16 ಮಂದಿ ಹುಟ್ಟಿದ್ದು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ. ಅವರಲ್ಲಿ ಎಂಟು ಮಂದಿ ಹೆಂಗಸರು. ಆ ಎಂಟು ಹೆಸರುಗಳಲ್ಲಿ ಒಂದನ್ನಾದರೂ ಹೇಳಬಲ್ಲ ಮನೆಗಳು ಎಷ್ಟಿವೆ?

ಹುಡುಕಾಟಕ್ಕೆ ಮೊದಲ ದಾಖಲೆ ಮನೆಯಲ್ಲಿಯೇ ಇದೆ. ಅದು ಹಿರಿಯರ ನೆನಪು. ಕಾಗದ ಇನ್ನೂ ಹತ್ತು ವರ್ಷ ಕಾಯಬಹುದು, ಎಂಬತ್ತೈದರ ದೊಡ್ಡಜ್ಜಿ ಕಾಯಲಾರರು. ಅವರ ಹತ್ತಿರ ಕುಳಿತು ಕೇಳುವಾಗ ಇಸವಿ ಕೇಳಿದರೆ ಪ್ರಯೋಜನವಿಲ್ಲ, ಘಟನೆ ಕೇಳಬೇಕು. ‘ನಿಮ್ಮ ಮದುವೆ ಗಾಂಧೀಜಿ ತೀರಿಕೊಂಡ ಮೇಲೋ, ಮೊದಲೋ?’ ಎಂದರೆ 1948ರ ಈಚೆಯೋ ಆಚೆಯೋ ತಿಳಿಯುತ್ತದೆ. ಪ್ಲೇಗಿನಲ್ಲಿ ಊರು ಬಿಟ್ಟರಂತೆ, 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಒಂದೇ ಮನೆಯ ಮೂವರು ಹೋದರಂತೆ ಎಂಬ ಮಾತುಗಳೆಲ್ಲ ಕಾಲ ಗೊತ್ತುಮಾಡುವ ಗುರುತುಗಳು. ಹಳೆಯ ಪೆಟ್ಟಿಗೆಯಲ್ಲಿರುವ ಲಗ್ನಪತ್ರಿಕೆ, ಜಾತಕ, ಫೋಟೋದ ಹಿಂಬದಿಯ ಬರಹ ಇವನ್ನೂ ನೋಡಬೇಕು. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳುವ ಪದ್ಧತಿಯಿದೆ. ಅದನ್ನು ಯಾರಾದರೂ ಒಂದು ಹಾಳೆಯ ಮೇಲೆ ಬರೆದಿಟ್ಟಿರುವುದುಂಟು.

ಹಳೆಯ ಪತ್ರಗಳಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ ಎಚ್ಚರ ಬೇಕು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ‘ಸರ್ವಧಾರಿ’ ಎಂದಿದ್ದರೆ ಅದು 1948–49 ಆಗಿರಬಹುದು, 1888–89 ಕೂಡ ಆಗಿರಬಹುದು. ಮುತ್ತಜ್ಜನ ಹೆಸರೇ ಮೊಮ್ಮಗನಿಗೂ ಇರುವ ಮನೆಯಲ್ಲಿ ಇಬ್ಬರೂ ಕಲಸಿಹೋಗಲು ಅಷ್ಟು ಸಾಕು.

ಬಿನ್ ಮತ್ತು ಕೋಂ

ಎರಡನೆಯ ಮೆಟ್ಟಿಲು ಸರ್ಕಾರಿ ಕಾಗದಗಳು. ಜನನ-ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದೆ ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಜನರಿಗೆ ಜನನ ಪ್ರಮಾಣಪತ್ರವೇ ಇಲ್ಲ. ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಊರು ಸಿಗುತ್ತದೆ. ಅಲ್ಲಿನ ಜನ್ಮದಿನಾಂಕವನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಮೇಷ್ಟರು ಅಂದಾಜಿನಿಂದ ಜೂನ್ 1 ಎಂದು ಬರೆದುಕೊಂಡ ಕಾರಣ, ಹಿಂದಿನ ತಲೆಮಾರಿನ ಅನೇಕರ ಹುಟ್ಟುಹಬ್ಬ ಒಂದೇ ದಿನ ಬರುತ್ತದೆ!

ಜಮೀನಿದ್ದ ಮನೆತನವಾದರೆ ದಾರಿ ಸ್ವಲ್ಪ ಸುಲಭ. ಪಹಣಿ, ಹಕ್ಕು ಬದಲಾವಣೆಯ ಪುಸ್ತಕ, ಕ್ರಯಪತ್ರ, ಪಾಲುಪಟ್ಟಿ ಇವುಗಳಲ್ಲಿ ಹೆಸರಿನ ಜೊತೆ ತಂದೆಯ ಹೆಸರೂ ಇರುತ್ತದೆ. ಹಳೆ ಮೈಸೂರಿನ ಕಡೆಯ ಕಾಗದಗಳಲ್ಲಿ ‘ಕೆಂಚಪ್ಪ ಬಿನ್ ಸಿದ್ದಪ್ಪ’ ಎಂದರೆ ಸಿದ್ದಪ್ಪನ ಮಗ ಕೆಂಚಪ್ಪ. ‘ನಂಜಮ್ಮ ಕೋಂ ಕೆಂಚಪ್ಪ’ ಎಂದರೆ ಕೆಂಚಪ್ಪನ ಹೆಂಡತಿ ನಂಜಮ್ಮ. ಒಬ್ಬ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಪೌತಿ ಖಾತೆಯಲ್ಲಿ ಎರಡು ತಲೆಮಾರು ಒಟ್ಟಿಗೆ ಸಿಗುತ್ತವೆ. ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋದರೆ ನೂರು ವರ್ಷ ಹಿಂದಕ್ಕೆ ತಲುಪುವುದು ಅಸಾಧ್ಯವೇನಲ್ಲ.

ಇಲ್ಲಿಯೇ ಒಂದು ಪಾಠವೂ ಇದೆ. ಪ್ರತಿಯೊಂದು ದಾಖಲೆಯೂ ತನಗೆ ಬೇಕಾದವರನ್ನಷ್ಟೇ ಬರೆದುಕೊಳ್ಳುತ್ತದೆ. ಕಂದಾಯದ ಪುಸ್ತಕಕ್ಕೆ ಬೇಕಾದವನು ಕಂದಾಯ ಕಟ್ಟುವವನು. ಗಂಡ ಸತ್ತು ಜಮೀನು ತನ್ನ ಹೆಸರಿಗೆ ಬಂದರೆ ನಂಜಮ್ಮ ಅದರಲ್ಲಿ ಕಾಣುತ್ತಾಳೆ, ಗಂಡನಿಗಿಂತ ಮೊದಲು ಸತ್ತರೆ ಕಾಣುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅದರಲ್ಲಿ ಇರುವುದು ಅಪರೂಪ. ಇನ್ನೊಬ್ಬರ ಹೊಲದಲ್ಲಿ ದುಡಿದು ಬದುಕಿದವರ ಹೆಸರೂ ಇಲ್ಲ. 1974ರ ಭೂಸುಧಾರಣೆಯ ನಂತರ ಗೇಣಿದಾರರು ‘ಫಾರಂ ನಂಬರ್ 7’ ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟರು. ಎಷ್ಟೋ ಮನೆತನಗಳ ಹೆಸರು ಜಮೀನಿನ ಹಕ್ಕಿನೊಂದಿಗೆ ಸರ್ಕಾರಿ ಕಡತ ಸೇರಿದ್ದು ಆಗಲೇ. ಅಂಥವರ ಮೊಮ್ಮಕ್ಕಳು ಪಹಣಿಯಲ್ಲಿ ಹಿರಿಯರ ಹೆಸರು ಸಿಗಲಿಲ್ಲವೆಂದು ನಿರಾಶರಾಗಬೇಕಿಲ್ಲ. ಆ ಅರ್ಜಿಯನ್ನು ಹುಡುಕಬೇಕು. ಅಜ್ಜನ ಹೆಬ್ಬೆಟ್ಟಿನ ಗುರುತು ಅದರ ಮೇಲೆ ಇದ್ದೀತು.

ಜನಗಣತಿಯ ಪುಸ್ತಕದಲ್ಲಿ ಎಲ್ಲರ ಹೆಸರೂ ಇರಬೇಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಬ್ರಿಟನ್ನಿನಲ್ಲಿ ನೂರು ವರ್ಷದ ನಂತರ ಆ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಗಣತಿ ಅಲ್ಲಿ 2022ರಲ್ಲಿ ತೆರೆಯಿತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯ. ಸಿಗುವುದು ಅಂಕಿ-ಅಂಶ ಮಾತ್ರ.

ಒಬ್ಬರಿಂದ ಆಗುವ ಕೆಲಸವಲ್ಲ

ಹಳೆಯ ಕಾಗದ ಸಿಕ್ಕಿದರೂ ಓದುವವರು ಯಾರು? 1956ರ ನವೆಂಬರ್ 1ಕ್ಕಿಂತ ಮೊದಲು ಕನ್ನಡ ನಾಡು ಮೈಸೂರು, ಮುಂಬೈ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಬೆಳಗಾವಿ ಕಡೆಯ ಹಳೆಯ ಪತ್ರ ಮೋಡಿ ಲಿಪಿಯ ಮರಾಠಿಯಲ್ಲಿರಬಹುದು, ಕಲಬುರಗಿ ಕಡೆಯದು ಉರ್ದುವಿನಲ್ಲಿರಬಹುದು. ಕನ್ನಡದ್ದೇ ಆದರೂ ಶಾನುಭೋಗರ ಕೈಬರಹ ಎಲ್ಲರಿಗೂ ದಕ್ಕುವಂಥದ್ದಲ್ಲ. ಊರಿನಲ್ಲಿ ಅದನ್ನು ಓದಬಲ್ಲ ಒಬ್ಬ ನಿವೃತ್ತ ಮೇಷ್ಟರು, ಉರ್ದು ಬಲ್ಲ ಒಬ್ಬ ನೆರೆಯವರು ಇದ್ದರೆ ಅವರೇ ಈ ಕೆಲಸದಲ್ಲಿ ಗುರುಗಳು. ಅವರಿಗೆ ಪ್ರತಿಯಾಗಿ ಅವರ ಮನೆಯ ಕಾಗದಗಳನ್ನು ಅಚ್ಚುಕಟ್ಟಾಗಿ ನಕಲು ಮಾಡಿಕೊಟ್ಟರೆ ಋಣ ತೀರುತ್ತದೆ.

ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದವರಿದ್ದಾರೆ. ಅವರೇ ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಇಂದಿನವರವರೆಗೆ ಹೆಸರು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು-ಬಟ್ಟೆ-ಹಣ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿಯೂ ಬಳ್ಳಾರಿ ಕಡೆ ಊರಿನ ಚರಿತ್ರೆ ಕಾಪಾಡುವವರು ಹೆಳವರು ಎಂಬ ಮಾತಿದೆ. ಅವರು ಬಾಗಿಲಿಗೆ ಬಂದಾಗ ‘ಮುಂದೆ ಹೋಗು’ ಎಂದು ಕಳಿಸಿದ ಮನೆಯವರು ತಮ್ಮದೇ ಚರಿತ್ರೆಯನ್ನು ಮುಂದಕ್ಕೆ ಕಳಿಸಿದಂತೆ. ಅವರು ಹೇಳುವ ತೀರ ಹಿಂದಿನ ತಲೆಮಾರುಗಳಲ್ಲಿ ಪುರಾಣ ಬೆರೆತಿರುತ್ತದೆ, ನಿಜ. ಈಚಿನ ನಾಲ್ಕೈದು ತಲೆಮಾರನ್ನು ಮನೆಯ ಕಾಗದದೊಂದಿಗೆ ಹೋಲಿಸಿ ನೋಡಿದರೆ ಎರಡೂ ಒಂದನ್ನೊಂದು ತಿದ್ದುತ್ತವೆ.

ಹರಿದ್ವಾರ, ತ್ರ್ಯಂಬಕೇಶ್ವರಗಳ ಪುರೋಹಿತರ ವಹಿಗಳಲ್ಲಿ ಯಾತ್ರೆಗೆ ಬಂದವರ ಹೆಸರು, ಊರು ಇರುತ್ತದೆ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. ಮಸೀದಿಯ ಜಮಾತಿನಲ್ಲಿ ನಿಕಾಹ್ ಪುಸ್ತಕವಿರುತ್ತದೆ. ತುಳುನಾಡಿನ ಅಳಿಯಕಟ್ಟಿನ ಮನೆತನಗಳಲ್ಲಿ ‘ಬರಿ’ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಲ್ಲಿ ಹೆಂಗಸರ ಹೆಸರು ಬಿಟ್ಟು ವಂಶ ಬರೆಯಲು ಹೊರಟರೆ ಮೊದಲ ಸಾಲಿಗೇ ಎಡವಬೇಕಾಗುತ್ತದೆ.

ಊರಿಗೆ ಹೋಗಿ ಹಳೆಯ ಕಾಗದ ಕೇಳುವಾಗ ಒಂದು ಸೂಕ್ಷ್ಮವಿದೆ. ಪಟ್ಟಣದಿಂದ ಬಂದ ತಮ್ಮನ ಮಗ ಪಾಲುಪಟ್ಟಿ ಕೇಳಿದರೆ ದೊಡ್ಡಪ್ಪನಿಗೆ ದಾವೆಯ ವಾಸನೆ ಬಡಿಯುತ್ತದೆ. ಆದ್ದರಿಂದ ತಂದೆ-ತಾಯಿಗಳು ಜೊತೆಗಿದ್ದು, ಉದ್ದೇಶ ತಿಳಿಸಿ, ಮೂಲ ಕಾಗದವನ್ನು ಅವರ ಕೈಯಲ್ಲಿಯೇ ಬಿಟ್ಟು, ಬೇಕಾದ ಹೆಸರುಗಳನ್ನಷ್ಟೇ ಬರೆದುಕೊಳ್ಳುವುದು ಒಳ್ಳೆಯದು. ಬರೆದ ಪ್ರತಿ ಹೆಸರಿನ ಪಕ್ಕದಲ್ಲಿ ಅದು ಯಾರ ಬಾಯಿಂದ, ಯಾವ ಕಾಗದದಿಂದ ಬಂತು ಎಂಬುದನ್ನು ಗುರುತು ಹಾಕಬೇಕು. ಎರಡು ಮಾತು ಬೇರೆ ಬೇರೆಯಾದರೆ ಎರಡನ್ನೂ ಬರೆಯಬೇಕು. ಬದುಕಿರುವವರ ಜನ್ಮದಿನಾಂಕ, ಆಧಾರ್ ಸಂಖ್ಯೆಗಳನ್ನು ನಾಲ್ಕು ಜನರಿಗೆ ಹಂಚುವ ಪ್ರತಿಯಲ್ಲಿ ಸೇರಿಸಬಾರದು. ಕುಟುಂಬದಲ್ಲಿ ಯಾರೋ ಬಚ್ಚಿಟ್ಟ ನೋವು ಹೊರಬಿದ್ದರೆ ಅದು ಶಾಲೆಯ ಚಾರ್ಟಿನ ಮೇಲೆ ಹೋಗಬೇಕಾದದ್ದಲ್ಲ.

ಕೊನೆಗೆ, ಯಾರ ಹೆಸರು ಬರೆಯುತ್ತೇವೆ, ಯಾರದನ್ನು ಬಿಡುತ್ತೇವೆ ಎಂಬುದು ಬರೀ ಹವ್ಯಾಸದ ಮಾತಲ್ಲ. ಆಸ್ತಿಯ ಖಾತೆ ಬದಲಾಗುವಾಗ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕ-ತಂಗಿಯರನ್ನು ಬಿಟ್ಟು ಗಂಡುಮಕ್ಕಳನ್ನಷ್ಟೇ ತೋರಿಸಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಕಾನೂನು ಬಂದರೂ ಮರದಲ್ಲಿ ಕೊಂಬೆಯೇ ಇಲ್ಲದಿದ್ದರೆ ಹಣ್ಣು ಎಲ್ಲಿ ಬಿಟ್ಟೀತು?

ಹತ್ತು ಹನ್ನೆರಡು ವರ್ಷದ ಮಗು ತನ್ನ ಕೈಯಾರೆ ‘ಮುತ್ತಜ್ಜಿ’ ಎಂಬ ಖಾಲಿ ಜಾಗದಲ್ಲಿ ಒಂದು ಹೆಸರು ತುಂಬಿದರೆ, ಮುಂದೆ ಅದು ಇನ್ನೊಬ್ಬರ ಹೆಸರು ಅಳಿಸಲು ಸುಲಭವಾಗಿ ಒಪ್ಪಲಾರದು. ಈ ಬಾರಿ ದಸರಾ ರಜೆಗೆ ಅಜ್ಜಿಯ ಊರಿಗೆ ಹೋಗುವ ಮಕ್ಕಳ ಚೀಲದಲ್ಲಿ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಇರಲಿ. ಮೊದಲ ಪ್ರಶ್ನೆ ಅಜ್ಜಿಯ ತಾಯಿಯ ಹೆಸರೇನು, ಅವರ ತವರೂರು ಯಾವುದು ಎಂಬುದಾಗಿರಲಿ.